ನಿಂತ ಕಟ್ಟಡ, ಲೆಕ್ಕಕ್ಕೆ ಬಾರದ ದಿನಗಳು

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರೂ ಊರುಗಳಲ್ಲಿ ಮೂವತ್ತು ಅಂತಸ್ತಿನ ಕಟ್ಟಡ ಒಂದೂ ಇಲ್ಲ. ಆದರೂ ಹೈದರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ಅಂಥದೊಂದು ಕಟ್ಟಡ ಅರ್ಧಕ್ಕೆ ನಿಂತರೆ, ಅದರ ಪೆಟ್ಟು ನಮ್ಮ ಹಳ್ಳಿಗಳ ಒಲೆಯ ಮೇಲೆ ಬೀಳುತ್ತದೆ. ಕೃಷ್ಣೆ ಹತ್ತಿರದಲ್ಲೇ ಹರಿದರೂ ಇಲ್ಲಿನ ಬಹುಪಾಲು ಹೊಲಗಳು ತಲೆಮಾರುಗಳಿಂದ ಮಳೆಯನ್ನೇ ನಂಬಿ ಬಂದವು. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಹಳೆಯ ಮಹಬೂಬನಗರ ಜಿಲ್ಲೆಯ ಇನ್ನೊಂದು ಹೆಸರು ಪಾಲಮೂರು. ‘ಪಾಲಮೂರು ಕೂಲಿ’ ಎಂಬ ಮಾತು ಅಣೆಕಟ್ಟು, ಕಾಲುವೆಗಳ ಕೆಲಸದಲ್ಲಿ ಪ್ರಸಿದ್ಧವಾಗಿ, ಈಗ ಮಹಾನಗರಗಳ ಸೆಂಟ್ರಿಂಗ್ ಹಲಗೆಗಳ ಮೇಲೂ ಕೇಳಿಬರುತ್ತದೆ. ಆದ್ದರಿಂದ ಎತ್ತರದ ಕಟ್ಟಡಗಳು ಏಕೆ ತಡವಾಗುತ್ತವೆ, ಏಕೆ ಕುಗ್ಗುತ್ತವೆ ಎಂಬ ಪ್ರಶ್ನೆ ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ, ನಮಗೂ ಸೇರಿದ್ದು.

ಮೊದಲ ಕಾರಣ ನೆಲ ಮತ್ತು ಅನುಮತಿ. ನಿವೇಶನದ ವಿಸ್ತೀರ್ಣಕ್ಕೆ ಇಷ್ಟೇ ಪಟ್ಟು ಕಟ್ಟಬೇಕೆಂಬ ಮಿತಿಯನ್ನು ಹೈದರಾಬಾದಿನಲ್ಲಿ 2006ರಲ್ಲಿ ತೆಗೆದುಹಾಕಲಾಯಿತು. ಅಂದಿನಿಂದ ಕಟ್ಟಡದ ಎತ್ತರವನ್ನು ಮುಂದಿನ ರಸ್ತೆಯ ಅಗಲವೂ ಸುತ್ತ ಬಿಡಬೇಕಾದ ಜಾಗವೂ ನಿರ್ಧರಿಸುತ್ತವೆ. ನಗರದ ನಡುವೆ ರಸ್ತೆಗಳು ಕಿರಿದು, ನಿವೇಶನಗಳು ಚಿಕ್ಕವು, ಒಡೆತನದ ಪಾಲುದಾರರು ಹಲವರು. ಅದರ ಮೇಲೆ ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ಮಿತಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ. ಇವುಗಳಲ್ಲಿ ಒಂದು ತಪ್ಪಿದರೂ ನಕ್ಷೆಯಲ್ಲಿದ್ದ ಮಹಡಿಗಳು ನೆಲದ ಮೇಲೆ ಕಡಿಮೆಯಾಗುತ್ತವೆ. ಬೆಂಗಳೂರಿನಲ್ಲಿ ಕೆರೆಗಳೇ ಪ್ರಶ್ನೆಯಾದವು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯಂಚಿನಿಂದ 75 ಮೀಟರ್ ಒಳಗೆ ಕಟ್ಟಬಾರದೆಂದಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹೆಚ್ಚಳವನ್ನು ರದ್ದುಪಡಿಸಿತು. ನಡುವಿನ ಸುಮಾರು ಮೂರು ವರ್ಷ ಆ ಗಡಿಯೊಳಗೆ ಬಿದ್ದ ಯೋಜನೆಗಳಿಗೆ ಅನಿಶ್ಚಯದ ಕಾಲ.

ಎರಡನೆಯ ಕಾರಣ ಹಣ. ನಮ್ಮಲ್ಲಿ ದೊಡ್ಡ ವಸತಿ ಕಟ್ಟಡವು ಬಹುಮಟ್ಟಿಗೆ ಕೊಳ್ಳುವವರ ಮುಂಗಡದಿಂದಲೂ ಸಾಲದಿಂದಲೂ ಏಳುತ್ತದೆ. ಒಂದು ಯೋಜನೆಗೆಂದು ಬಂದ ಹಣದಲ್ಲಿ ಮತ್ತೊಂದರ ನೆಲ ಕೊಳ್ಳುವ ಅಭ್ಯಾಸ ಬಹುಕಾಲ ನಡೆಯಿತು. ಅದನ್ನು ತಡೆಯಲೆಂದೇ 2016ರ ರೇರಾ ಕಾಯಿದೆ, ಕೊಳ್ಳುವವರಿಂದ ಬಂದ ಹಣದ ಶೇಕಡಾ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ವಿಧಿಸಿತು. ಮಾರಾಟ ಕುಂಠಿತವಾದರೆ ಮುಂದಿನ ಸ್ಲ್ಯಾಬ್‌ಗೆ ಹಣವಿರುವುದಿಲ್ಲ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆಗ ಎರಡನೆಯ ಹಂತ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಯೋಜನೆಯನ್ನೇ ಕುಗ್ಗಿಸುವ ಮಾತು ಬರುತ್ತದೆ. ಹಾಗೆ ಕುಗ್ಗಿಸಲಿಕ್ಕೂ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿನವರ ಲಿಖಿತ ಒಪ್ಪಿಗೆ ಬೇಕು.

ಮೂರನೆಯ ಕಾರಣ ಕೈಗಳು. ಇದನ್ನು ಯಾರೂ ದೊಡ್ಡದಾಗಿ ಹೇಳುತ್ತಿರಲಿಲ್ಲ, 2020 ಹೇಳಿಸಿತು. ಆ ವರ್ಷದ ಮೇ 5ರಂದು ಕಟ್ಟಡ ನಿರ್ಮಾಪಕರ ಪ್ರತಿನಿಧಿಗಳು ಮುಖ್ಯಮಂತ್ರಿಯವರನ್ನು ಭೇಟಿಯಾದರು. ಅದರ ಬೆನ್ನಲ್ಲೇ ಕರ್ನಾಟಕ ಸರಕಾರ, ಉತ್ತರದ ರಾಜ್ಯಗಳ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ಟೀಕೆಗಳ ನಡುವೆ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಹಿಂಪಡೆಯಬೇಕಾಯಿತು. ಕಟ್ಟಡಕ್ಕೆ ಕಬ್ಬಿಣ, ಸಿಮೆಂಟುಗಳಷ್ಟೇ ಆಳೂ ಅನಿವಾರ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ತಿಂಗಳು ಕೇಂದ್ರ ಸರಕಾರ ಕೊರೋನಾವನ್ನು ದೈವಿಕ ವಿಪತ್ತೆಂದು ಪರಿಗಣಿಸಿ, ನೋಂದಾಯಿತ ಯೋಜನೆಗಳ ಗಡುವನ್ನು ಆರು ತಿಂಗಳು ಮುಂದೂಡುವಂತೆ ರೇರಾ ಪ್ರಾಧಿಕಾರಗಳಿಗೆ ಸೂಚಿಸಿತು. ನಿರ್ಮಾಪಕನ ತಡಕ್ಕೆ ಕ್ಷಮೆ ದೊರೆಯಿತು. ತಗಡಿನ ಗುಡಿಸಲಲ್ಲಿ ಕುಳಿತು ಕಳೆದ ದಿನಗಳ ಕೂಲಿಗೆ ಅಂಥ ಗಡುವೂ ಇರಲಿಲ್ಲ, ಖಾತೆಯೂ ಇರಲಿಲ್ಲ.

ನನ್ನ ವಾದ ಇಷ್ಟೇ: ಕಟ್ಟಡ ತಡವಾದಾಗ ಕಾಗದದ ಮೇಲೆ ಹೆಸರಿರುವವರ ನಷ್ಟ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೊಂಡವನಿಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳುವ ಹಕ್ಕಿದೆ. 2018ರ ತಿದ್ದುಪಡಿಯಿಂದ, ದಿವಾಳಿಯಾದ ಕಂಪನಿಯ ಸಾಲಗಾರರ ಸಮಿತಿಯಲ್ಲಿ ಬ್ಯಾಂಕಿನ ಪಕ್ಕದಲ್ಲಿ ಮನೆ ಕೊಂಡವರಿಗೂ ಸ್ಥಾನವಿದೆ. ಕಾನೂನು ಕಾರ್ಮಿಕನನ್ನು ಪೂರ್ತಿ ಮರೆತಿದೆಯೆಂದು ಹೇಳಲಾಗದು. ದಿವಾಳಿ ಸಂಹಿತೆಯ ಪ್ರಕಾರ ಕಂಪನಿಯ ಆಸ್ತಿ ಮಾರಿ ಹಂಚುವಾಗ, ಹಿಂದಿನ 24 ತಿಂಗಳ ಕೂಲಿ ಬಾಕಿ ಭದ್ರತೆಯುಳ್ಳ ಸಾಲಕ್ಕೆ ಸಮಾನ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಿಂದ ಬಂದದ್ದು. ಆದರೆ ನಮ್ಮ ಊರಿನವನ ಹೆಸರು ಕಂಪನಿಯ ಹಾಜರಿ ಪುಸ್ತಕದಲ್ಲಿ ಇರುವುದು ಅಪರೂಪ. ಅವನು ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಹೋದವನು. ಅವನ ದಿನಗಳು ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿವೆ. ಕೆಲಸ ನಿಂತರೆ ಕೂಲಿ ನಿಲ್ಲುತ್ತದೆ, ಮುಂಗಡದ ಋಣ ಉಳಿಯುತ್ತದೆ. ಇನ್ನೊಂದು ತೊಡಕೂ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕೆಂದು 1996ರ ಕಾಯಿದೆ ಹೇಳಿತು. ಕಟ್ಟಡ ನಿಂತರೆ ಆ ತೊಂಬತ್ತು ದಿನಗಳೂ ತುಂಬದೆ ಹೋಗಬಹುದು. ತುಂಬಿದರೂ ಎರಡು ರಾಜ್ಯಗಳಲ್ಲಿ ಹಂಚಿಹೋದ ದಿನಗಳನ್ನು ಯಾವ ಮಂಡಳಿಯ ಮುಂದೆ, ಯಾರ ಪ್ರಮಾಣಪತ್ರದಿಂದ ತೋರಿಸಬೇಕು?

ನಿಯಮಗಳನ್ನು ಸಡಿಲಿಸಿದರೆ ಕಟ್ಟಡ ಬೇಗ ಏಳುತ್ತದೆ, ಕೂಲಿಯೂ ನಿಲ್ಲದು ಎಂದು ಕೆಲವರು ವಾದಿಸುತ್ತಾರೆ. ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಸುವುದು ತಪ್ಪಬೇಕು, ನಿಜ. ಆದರೆ ಎಲ್ಲ ತಡವೂ ಕೆಟ್ಟದ್ದಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರುಗಳ ಸುತ್ತ ಬಡಾವಣೆಗಳು ನೀರಿನಲ್ಲಿ ನಿಂತದ್ದನ್ನು ಕಂಡವರು ಕೆರೆ ಮತ್ತು ರಾಜಕಾಲುವೆಯ ಅಂಚನ್ನು ಲಘುವಾಗಿ ಕಾಣಲಾರರು. ಅಗ್ನಿ ಸುರಕ್ಷತೆಯ ಒಂದು ತಪಾಸಣೆಯನ್ನು ಬಿಟ್ಟು ಉಳಿಸಿದ ತಿಂಗಳು ಯಾರ ಲಾಭಕ್ಕೂ ಅಲ್ಲ. ಊರಿನ ಒಳಿತಿಗಾಗಿ ಕಟ್ಟಡವೊಂದು ನಿಲ್ಲಬೇಕಾದರೆ ನಿಲ್ಲಲಿ. ಹಾಗೆ ನಿಂತ ದಿನಗಳ ಭಾರವನ್ನು ಎಲ್ಲರಿಗಿಂತ ಬಡವನೊಬ್ಬನೇ ಹೊರಬೇಕೇ ಎಂಬುದು ಪ್ರಶ್ನೆ.

ಇದಕ್ಕೆ ಪರಿಹಾರ ದೂರದ್ದಲ್ಲ. ಕಾಮಗಾರಿ ಎಲ್ಲಿಗೆ ಬಂತೆಂಬುದನ್ನು ನಿರ್ಮಾಪಕರು ಮೂರು ತಿಂಗಳಿಗೊಮ್ಮೆ ರೇರಾ ಜಾಲತಾಣದಲ್ಲಿ ತೋರಿಸಬೇಕಾಗಿದೆ. ಅದರ ಜೊತೆಗೇ, ಅಲ್ಲಿ ದುಡಿದವರ ಸಂಖ್ಯೆಯನ್ನೂ ಕೂಲಿಯ ಬಾಕಿಯನ್ನೂ ತೋರಿಸುವಂತಾಗಲಿ. ಯೋಜನೆ ನಿಂತರೆ, ಆ ಪ್ರತ್ಯೇಕ ಖಾತೆಯಿಂದ ಮೊದಲು ಸಲ್ಲಬೇಕಾದದ್ದು ಕೂಲಿಯ ಬಾಕಿಯೆಂದು ನಿಯಮವಾಗಲಿ. ಮನೆ ಕೊಂಡವನ ಹಣವನ್ನು ಕಾಯಬಲ್ಲ ಕಾನೂನು ಮನೆ ಕಟ್ಟಿದವನ ಹಣವನ್ನೂ ಕಾಯಬಲ್ಲದು.

ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿ ಮಿತ್ರರು ಇದರಲ್ಲಿ ತಮ್ಮ ಕೆಲಸವೇನೆಂದು ಕೇಳಬಹುದು. ಹಳಗನ್ನಡದ ಶಾಸನವನ್ನು ಓದುವಾಗ ನಾವು ಮೊದಲು ಹುಡುಕುವುದು ಯಾರು, ಯಾವಾಗ, ಯಾರಿಗೆ, ಏನನ್ನು ಕೊಟ್ಟರು ಎಂಬುದನ್ನು. ದತ್ತಿಯ ಹಕ್ಕು ಸಾವಿರ ವರ್ಷದ ಮೇಲೂ ನಮಗೆ ತಿಳಿಯುವುದು ಅದನ್ನು ಬರೆದಿಟ್ಟ ಕಾರಣಕ್ಕೆ. ಈ ಗಡಿನಾಡಿನಲ್ಲಿ ಕನ್ನಡ, ತೆಲುಗು ಎರಡನ್ನೂ ಬಲ್ಲ ನೀವು, ನಿಮ್ಮ ಓಣಿಯಿಂದ ಗುಳೆ ಹೊರಡುವವರಿಗೆ ಒಂದು ನೋಟುಬುಕ್ಕಿನಲ್ಲಿ ಆ ವಿವರಗಳನ್ನೇ ಬರೆದುಕೊಡಿ: ಮೇಸ್ತ್ರಿಯ ಹೆಸರು, ಗುತ್ತಿಗೆದಾರನ ಕಂಪನಿ, ನಿವೇಶನದ ವಿಳಾಸ, ಫಲಕದ ಮೇಲಿನ ರೇರಾ ಸಂಖ್ಯೆ, ಪಡೆದ ಮುಂಗಡ. ದುಡಿದ ದಿನ, ಬಟವಾಡೆಯಾದ ದಿನಗಳಿಗೆ ಖಾಲಿ ಹಾಳೆ ಬಿಡಿ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ಅವರು ದೀಪಾವಳಿ ಕಳೆದು ಬಸ್ಸು ಹತ್ತುವ ಮೊದಲೇ ಈ ಕೆಲಸ ಮುಗಿಯಲಿ.