ಕನ್ನಡ ಬಲ್ಲವರಿಗೆ ಜಪಾನಿ ದೂರವಲ್ಲ

“ಡೋರೇಮಾನ್ ನಿಜವಾಗಿ ಮಾತನಾಡುವುದು ಯಾವ ಭಾಷೆ ಟೀಚರ್?”

ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಹೀಗೆ ಕೇಳಿದಳು. ಆ ನೀಲಿ ಬೆಕ್ಕನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಅದು ಜಪಾನ್ ದೇಶದ ಕತೆ, ಅದರ ಮೂಲ ಭಾಷೆ ಜಪಾನಿ ಎಂದೆ. “ಹಾಗಾದರೆ ನಾನು ಜಪಾನಿ ಕಲಿಯುತ್ತೇನೆ” ಎಂದಳು. ಶಾಲೆಯ ಕಂಪ್ಯೂಟರಿನಲ್ಲಿ ಅಂತರ್ಜಾಲ ತೆರೆದು ಕೊಟ್ಟೆ. ಅರ್ಧ ಗಂಟೆ ಕಳೆದು ಮುಖ ಸಣ್ಣದು ಮಾಡಿಕೊಂಡು ಬಂದಳು.

“ಪಾಠ ಎಲ್ಲ ಇಂಗ್ಲಿಷಿನಲ್ಲುಂಟು ಟೀಚರ್. ಕನ್ನಡ ಮೀಡಿಯಂನವರಿಗೆ ಇದು ಆಗುವುದಿಲ್ಲ.”

ಆ ಕೊನೆಯ ಮಾತು ನನಗೆ ನೋವು ಕೊಟ್ಟಿತು. ಅದು ತಪ್ಪು ಎಂದೂ ಅನಿಸಿತು. ಮಕ್ಕಳೇ, ಜಪಾನಿ ಕಲಿಯುವಾಗ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಕನ್ನಡ ಬಲ್ಲವರಿಗೇ ಕೆಲವು ಅನುಕೂಲಗಳು ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

“ಬೆಕ್ಕು ಮೀನನ್ನು ತಿನ್ನುತ್ತದೆ” ಎಂಬ ವಾಕ್ಯವನ್ನು ಜಪಾನಿಯಲ್ಲಿ “ನೆಕೊ ಗ ಸಕನ ಒ ತಬೆರು” ಎನ್ನುತ್ತಾರೆ. ನೆಕೊ ಎಂದರೆ ಬೆಕ್ಕು. ಸಕನ ಎಂದರೆ ಮೀನು. ತಬೆರು ಎಂದರೆ ತಿನ್ನುತ್ತದೆ. ನಡುವಿನ ‘ಒ’ ಏನು ಗೊತ್ತೇ? ನಮ್ಮ ‘ಅನ್ನು’ ಪ್ರತ್ಯಯ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ‘ಗ’ ಕರ್ತೃವನ್ನು ತೋರಿಸುತ್ತದೆ. ಮೊದಲು ಕರ್ತೃ, ಆಮೇಲೆ ಕರ್ಮ, ಕೊನೆಗೆ ಕ್ರಿಯಾಪದ. ನಾವು ಮಾತನಾಡುವ ಕ್ರಮವೂ ಇದೇ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ. ಆದ್ದರಿಂದ ಜಪಾನಿಯನ್ನು ಇಂಗ್ಲಿಷಿಗೆ ತಿರುಗಿಸಿ, ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಅರ್ಥ ಮಾಡಿಕೊಳ್ಳುವುದು ಸುಮ್ಮನೆ ಊರು ಸುತ್ತಿ ಮನೆಗೆ ಬಂದ ಹಾಗೆ.

ಇನ್ನು ಅಕ್ಷರಗಳು. ಜಪಾನಿನ ಮಕ್ಕಳು ಮೊದಲು ಕಲಿಯುವುದು ‘ಹಿರಗನ’ ಎಂಬ 46 ಅಕ್ಷರಗಳನ್ನು. ಅವುಗಳ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತವೆ. ಎಲ್ಲೋ ಕೇಳಿದ ಹಾಗೆ ಇದೆಯಲ್ಲವೇ? ಬೌದ್ಧ ಭಿಕ್ಷುಗಳ ಮೂಲಕ ಸಂಸ್ಕೃತದ ಅಕ್ಷರವಿದ್ಯೆ ಬಹಳ ಹಿಂದೆಯೇ ಜಪಾನಿಗೆ ಹೋಗಿತ್ತು. ಈ ಕ್ರಮ ಬಂದದ್ದು ಅದರಿಂದ. ನಮ್ಮ ವರ್ಣಮಾಲೆ ಬಾಯಿಪಾಠ ಇರುವವರಿಗೆ ಇದು ಹೊಸದೇನಲ್ಲ.

ಹ್ರಸ್ವ ದೀರ್ಘಗಳ ವಿಷಯವೂ ಹಾಗೆಯೇ. ‘ಒಬಸನ್’ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸನ್’ ಎಂದರೆ ಅಜ್ಜಿ. ಎಳೆಯುವುದು ತಪ್ಪಿದರೆ ಅಜ್ಜಿ ಚಿಕ್ಕಮ್ಮನಾಗುತ್ತಾರೆ! ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ತಿಳಿದ ನಿಮಗೆ ಇದನ್ನು ಯಾರು ವಿವರಿಸಬೇಕು? ಅದಕ್ಕೇ ಆ ಹುಡುಗಿಗೆ ಹೇಳಿದೆ: “ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಬಿಡು. ಧ್ವನಿಯನ್ನು ಕೇಳು. ಕೇಳಿದ್ದನ್ನು ಕನ್ನಡ ಅಕ್ಷರಗಳಲ್ಲಿ ಬರೆ.”

ಅಂತರ್ಜಾಲದ ದೊಡ್ಡ ಉಪಕಾರ ಈ ಧ್ವನಿಯೇ. 2004ರ ಡಿಸೆಂಬರ್ 26ರಂದು ಸಮುದ್ರ ಉಕ್ಕಿ ಬಂದಾಗ ‘ಸುನಾಮಿ’ ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ತುಂಬಿತು. ಅದು ಜಪಾನಿ ಪದ. ‘ತ್ಸು’ ಎಂದರೆ ಬಂದರು, ‘ನಮಿ’ ಎಂದರೆ ಅಲೆ. ಜಪಾನಿಯರ ಬಾಯಲ್ಲಿ ಅದು ‘ತ್ಸುನಮಿ’. ಅಚ್ಚಾದ ಪುಸ್ತಕ ನೂರು ಸಲ ಓದಿದರೂ ಆ ‘ತ್ಸು’ ಕಿವಿಗೆ ಬೀಳುವುದಿಲ್ಲ. ಈಗ ಒಂದು ಗುಂಡಿ ಒತ್ತಿದರೆ ಸಾಕು, ಬೇಸರವಿಲ್ಲದೆ ಹತ್ತು ಸಲ ಹೇಳಿಕೊಡುತ್ತದೆ. ನಾನಾದರೆ ಮೂರನೆಯ ಸಲಕ್ಕೆ ಗದರುತ್ತಿದ್ದೆನೇನೋ.

ಹಾಗೆಂದು ಅಲ್ಲಿರುವುದೆಲ್ಲ ಒಳ್ಳೆಯ ಪಾಠವಲ್ಲ. ಚಿತ್ರ ಒತ್ತಿ ಅಂಕ ಗಳಿಸುವ ಆಟಗಳು ಬೇಕಾದಷ್ಟಿವೆ. ಹುಡುಗನೊಬ್ಬ ಅಂಥ ಆಟದಲ್ಲಿ ಸಾವಿರಗಟ್ಟಲೆ ಅಂಕ ಗಳಿಸಿದ್ದ. “ನನಗೆ ನೀರು ಬೇಕು” ಎಂದು ಆ ಭಾಷೆಯಲ್ಲಿ ಹೇಳಲು ಕೇಳಿದರೆ ತಲೆ ತುರಿಸಿಕೊಂಡ. ಬೆರಳು ಕಲಿತಿತ್ತು, ನಾಲಿಗೆ ಕಲಿತಿರಲಿಲ್ಲ. ಕೇಳಿದ್ದನ್ನು ಗಟ್ಟಿಯಾಗಿ ಹೇಳಬೇಕು. ಮಾತನಾಡಲು ಇನ್ನೊಬ್ಬರು ಬೇಕು, ತಂಗಿಯಾದರೂ ಸರಿ. ಪರಿಚಯವಿಲ್ಲದವರೊಡನೆ ಮಾತ್ರ ಬೇಡ. ಕಂಪ್ಯೂಟರಿನ ಮುಂದೆ ಕುಳಿತಾಗ ಮನೆಯ ದೊಡ್ಡವರು ಹತ್ತಿರವಿರಲಿ.

ಕಷ್ಟವೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ಜಪಾನಿಯಲ್ಲಿ ‘ಕಂಜಿ’ ಎಂಬ ಚಿತ್ರದಂಥ ಅಕ್ಷರಗಳಿವೆ. (ನಗಬೇಡಿ, ಮಧ್ಯಾಹ್ನದ ಗಂಜಿಗೂ ಅದಕ್ಕೂ ಸಂಬಂಧವಿಲ್ಲ.) ಅಲ್ಲಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1026 ಕಂಜಿಗಳನ್ನು ಕಲಿಯಬೇಕು.

ನನಗೆ ಇರುವ ಬೇಸರ ಬೇರೆ. ಜಪಾನಿನ ಪ್ರಸಾರ ಸಂಸ್ಥೆ ಎನ್.ಎಚ್.ಕೆ. ಹಿಂದಿ, ಬಂಗಾಳಿ, ಉರ್ದು ಬಲ್ಲವರಿಗಾಗಿಯೂ ಜಪಾನಿ ಪಾಠಗಳನ್ನು ಉಚಿತವಾಗಿ ಕೊಟ್ಟಿದೆ. ಕನ್ನಡದವರಿಗಾಗಿ ಕೊಟ್ಟಿಲ್ಲ. ಅವರನ್ನು ದೂರಿ ಏನು ಫಲ? 2020ರ ಜೂನ್‌ನಲ್ಲಿ ಶಾಲೆ ಮುಚ್ಚಿದ್ದಾಗ ಕೇರಳದಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಆಗ ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲೇ ಪಾಠಗಳು ಸಿಕ್ಕಿದವು. ಗಣಿತ, ವಿಜ್ಞಾನಕ್ಕೆ ಆಗುವ ಕೆಲಸ ವಿದೇಶಿ ಭಾಷೆಗೆ ಏಕೆ ಆಗಬಾರದು? ಇದನ್ನು ನಾವು ಅಧ್ಯಾಪಕರು ಮಾಡಬೇಕಾಗಿತ್ತು, ಇನ್ನೂ ಮಾಡಿಲ್ಲ.

ಆ ಹುಡುಗಿ ಈಗ ಎರಡು ಗೆರೆಯ ಪುಸ್ತಕವೊಂದನ್ನು ಇಟ್ಟಿದ್ದಾಳೆ. ಎಡಗಡೆ ಹಿರಗನ, ನಡುವೆ ಕನ್ನಡ ಅಕ್ಷರಗಳಲ್ಲಿ ಉಚ್ಚಾರ, ಬಲಗಡೆ ಅರ್ಥ. ಅವಳ ತರಗತಿಯ ಮೂವರು ಅದನ್ನು ನೋಡಿ ಬರೆದುಕೊಂಡಿದ್ದಾರೆ. ‘ತ್ಸು’ ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ. “ಹಾಗಲ್ಲ ಟೀಚರ್, ಇನ್ನೊಮ್ಮೆ ಹೇಳಿ” ಎನ್ನುತ್ತಾಳೆ.