ಫಲಕದಲ್ಲಿರುವ ತಿಳಿವಳಿಕೆ ಮನೆಗೆ ತಲುಪುವುದೆಂದು?

2005ರ ಜುಲೈ 26ರ ಬೆಳಗ್ಗೆ ಎಂಟೂವರೆಯಿಂದ ಮರುದಿನ ಬೆಳಗ್ಗೆ ಎಂಟೂವರೆಯವರೆಗೆ ಸಾಂತಾಕ್ರೂಜ್ ಹವಾಮಾನ ವೀಕ್ಷಣಾಲಯದಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ಅವಧಿಯಲ್ಲಿ ದಕ್ಷಿಣಕ್ಕಿರುವ ಕೊಲಾಬಾದಲ್ಲಿ ಸುರಿದದ್ದು ಕೇವಲ 73 ಮಿಲಿಮೀಟರ್. ಎರಡು ವೀಕ್ಷಣಾಲಯಗಳ ನಡುವಿನ ಅಂತರ ಸುಮಾರು 25 ಕಿಲೋಮೀಟರ್. ಉಪನಗರದಲ್ಲಿ ಮೀಠಿ ನದಿ ದಡ ಮೀರಿ ಕಲೀನಾ, ಕುರ್ಲಾಗಳ ಮನೆಗಳಿಗೆ ನುಗ್ಗುತ್ತಿದ್ದ ಹೊತ್ತಿನಲ್ಲಿ ಫೋರ್ಟ್ ಮತ್ತು ನರಿಮನ್ ಪಾಯಿಂಟ್‌ಗಳ ಕಚೇರಿಗಳಿಂದ ಜನರು ಎಂದಿನಂತೆ ಮನೆಯತ್ತ ಹೊರಟರು. ತಾವು ಹೋಗುತ್ತಿರುವುದು ಪ್ರವಾಹದ ಮಡುವಿಗೆ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನಗರದಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಸರಕಾರವು ಮಾಧವರಾವ್ ಚಿತಳೆಯವರ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿಯನ್ನು ನೇಮಿಸಿತು. ಮುಂದಿನ ವರ್ಷಗಳಲ್ಲಿ ನಗರದಾದ್ಯಂತ ಸ್ವಯಂಚಾಲಿತ ಮಳೆಮಾಪಕಗಳು ಬಂದವು, ಪಾಲಿಕೆಯ ವಿಪತ್ತು ನಿರ್ವಹಣಾ ವ್ಯವಸ್ಥೆ ಬಲಗೊಂಡಿತು.

ಆ ದಿನ ಮಳೆಯನ್ನು ಅಳೆಯುವ ಸಾಧನ ಸಾಂತಾಕ್ರೂಜಿನಲ್ಲಿತ್ತು. ಅದು ಅಳೆದದ್ದು ತಿಳಿಯಬೇಕಾದವರಿಗೆ ತಿಳಿಯಬೇಕಾದ ಹೊತ್ತಿನಲ್ಲಿ ತಿಳಿಯಲಿಲ್ಲ. ಎರಡು ದಶಕಗಳು ಕಳೆದ ಮೇಲೂ ನಗರಾಡಳಿತದ ನಿತ್ಯದ ವ್ಯವಹಾರದಲ್ಲಿ ಇದೇ ಅಂತರ ಉಳಿದುಕೊಂಡಿದೆ. ಅದನ್ನು ತುಂಬುವ ಹೊಣೆ ಸರಕಾರದ್ದು ಎಷ್ಟೋ, ಊರು ಬಿಟ್ಟು ಊರು ಸೇರಿದ ಸಮಾಜಗಳದ್ದೂ ಅಷ್ಟೇ.

ಸಾಂತಾಕ್ರೂಜನ್ನು ಪಶ್ಚಿಮ ರೈಲ್ವೆಯ ಹಳಿಗಳು ಎರಡಾಗಿ ಸೀಳಿವೆ. ಪೂರ್ವಭಾಗವು ಪಾಲಿಕೆಯ ಎಚ್ ಪೂರ್ವ ವಾರ್ಡಿಗೆ ಸೇರಿದ್ದು, ಅದರ ಕಚೇರಿ ಅಲ್ಲಿಯೇ ಪ್ರಭಾತ್ ಕಾಲನಿಯಲ್ಲಿದೆ. ಪಶ್ಚಿಮದ ಬಹುಭಾಗ ಎಚ್ ಪಶ್ಚಿಮ ವಾರ್ಡಿಗೆ ಸೇರಿದೆ. ಎರಡೂ ಬದಿಯನ್ನು ಬೆಸೆಯುವ ಮಿಲನ್ ಸಬ್‌ವೇ ಮಳೆ ಜೋರಾದಾಗ ನೀರು ತುಂಬುವುದಕ್ಕೇ ಹೆಸರಾಗಿದೆ. ನೀರಿನ ಜೋಡಣೆ, ಚರಂಡಿ, ಕಸ, ಜನನ ಮರಣಗಳ ನೋಂದಣಿ, ಆಸ್ತಿ ತೆರಿಗೆ, ಅಂಗಡಿ ಪರವಾನಗಿ, ಆರೋಗ್ಯ ಕೇಂದ್ರ ಇವೆಲ್ಲಕ್ಕೂ ನಿವಾಸಿಯು ಮೊದಲು ಹೋಗಬೇಕಾದದ್ದು ವಾರ್ಡ್ ಕಚೇರಿಗೆ. ಪೂರ್ವದಲ್ಲಿ ಬಿಲ್ಲವ ಭವನವಿದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಕನ್ನಡ ಮಾತು ದಿನವೂ ಕಿವಿಗೆ ಬೀಳುವ ನೆಲ ಅದು. ಆದರೆ ತನ್ನ ಮನೆ ಯಾವ ವಾರ್ಡಿಗೆ ಸೇರಿದೆ, ತನ್ನ ದೂರನ್ನು ಕೇಳಬೇಕಾದ ಅಧಿಕಾರಿಯ ಹುದ್ದೆ ಯಾವುದು ಎಂದು ತಟ್ಟನೆ ಹೇಳಬಲ್ಲ ಗೃಹಸ್ಥರು ಅಲ್ಲಿಯೂ ವಿರಳ.

ಇದು ಅನುಗ್ರಹದ ಮಾತಲ್ಲ, ಕಾಯಿದೆಯ ಮಾತು. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಕರ್ತವ್ಯಗಳು, ಅಧಿಕಾರಿಗಳು, ಆಯವ್ಯಯ, ರಿಯಾಯಿತಿ ಪಡೆದವರ ವಿವರ ಮುಂತಾದುವನ್ನು ಯಾರೂ ಕೇಳುವ ಮೊದಲೇ ತಾನಾಗಿ ಪ್ರಕಟಿಸಬೇಕೆಂದು ವಿಧಿಸುತ್ತದೆ. ಪ್ರಕಟಣೆಯಲ್ಲಿ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಜನರನ್ನು ಚೆನ್ನಾಗಿ ತಲುಪುವ ಮಾರ್ಗವನ್ನೂ ಗಮನದಲ್ಲಿಡಬೇಕೆಂದು ಅದೇ ಕಲಮು ಹೇಳುತ್ತದೆ. 2015ರಲ್ಲಿ ಮಹಾರಾಷ್ಟ್ರವು ಸಾರ್ವಜನಿಕ ಸೇವಾ ಹಕ್ಕು ಕಾಯಿದೆಯನ್ನು ತಂದಿತು. ಯಾವ ಸೇವೆ, ಎಷ್ಟು ದಿನಗಳೊಳಗೆ, ಯಾವ ಅಧಿಕಾರಿಯಿಂದ, ವಿಳಂಬವಾದರೆ ಯಾರಿಗೆ ಮೇಲ್ಮನವಿ ಎಂಬುದನ್ನು ಪ್ರಕಟಿಸುವುದು ಅದರಂತೆ ಕಡ್ಡಾಯ. ಕಾರಣವಿಲ್ಲದೆ ಸೇವೆ ತಪ್ಪಿಸಿದ ಅಧಿಕಾರಿಗೆ 500ರಿಂದ 5,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇಷ್ಟೆಲ್ಲ ಇದ್ದೂ ಕಾಯಿದೆಯ ಕಾಲು ಕಚೇರಿಯ ಗೋಡೆಯವರೆಗೆ ಮಾತ್ರ ನಡೆಯುತ್ತದೆ. ಫಲಕ ತೂಗಿದೆ, ಜಾಲತಾಣದಲ್ಲಿ ಕಡತ ಏರಿದೆ ಎಂದಾದರೆ ಪ್ರಾಧಿಕಾರದ ಮಟ್ಟಿಗೆ ಲೆಕ್ಕ ಮುಗಿಯಿತು. ಫಲಕದಿಂದ ಮನೆಯ ಹೊಸ್ತಿಲವರೆಗಿನ ದಾರಿಯಲ್ಲಿ ನಿಂತಿರುವವನು ದಲ್ಲಾಳಿ. ಉಚಿತವಾಗಿ ಸಿಗಬೇಕಾದ ತಿಳಿವಳಿಕೆಯನ್ನೇ ಅವನು ಹಣಕ್ಕೆ ಮಾರುತ್ತಾನೆ.

ಅರ್ಧ ತಿಳಿದ ಸುದ್ದಿಯ ಬೆಲೆ ಏನೆಂಬುದಕ್ಕೆ ಆಸ್ತಿ ತೆರಿಗೆಯ ಒಂದು ಉದಾಹರಣೆ ಸಾಕು. 500 ಚದರ ಅಡಿಯವರೆಗಿನ ವಾಸದ ಮನೆಗಳಿಗೆ ತೆರಿಗೆ ಮನ್ನಾ ಎಂಬ ಘೋಷಣೆ 2019ರಲ್ಲಿ ಮುಂಬಯಿಯಲ್ಲೆಲ್ಲ ಹಬ್ಬಿತು. ಆಗ ಮನ್ನಾ ಆದದ್ದು ಬಿಲ್ಲಿನ ಹಲವು ಅಂಶಗಳಲ್ಲಿ ಒಂದಾದ ಸಾಮಾನ್ಯ ಕರ ಮಾತ್ರ, ಉಳಿದ ಅಂಶಗಳು ಹಾಗೆಯೇ ಇದ್ದವು. ವಿನಾಯಿತಿ ವಿಸ್ತಾರಗೊಂಡದ್ದು 2022ರ ಜನವರಿ 1ರಿಂದ. ಈ ನಡುವಣ ವ್ಯತ್ಯಾಸವನ್ನು ಅರಿಯದೆ ಬಿಲ್ಲನ್ನು ಪಕ್ಕಕ್ಕಿಟ್ಟವರ ಬಾಕಿಯ ಮೇಲೆ ತಿಂಗಳಿಗೆ ಶೇಕಡ 2ರಂತೆ ದಂಡ ಬೆಳೆಯುತ್ತದೆ. ವರ್ಷಕ್ಕೆ ಅದು ಶೇಕಡ 24. ಯಾವ ಬ್ಯಾಂಕೂ ಠೇವಣಿಗೆ ಇಷ್ಟು ಬಡ್ಡಿ ಕೊಡುವುದಿಲ್ಲ. ಅನೇಕ ಗೃಹನಿರ್ಮಾಣ ಸೊಸೈಟಿಗಳಲ್ಲಿ ತೆರಿಗೆಯ ಬಿಲ್ಲು ಸೊಸೈಟಿಯ ಹೆಸರಿಗೆ ಬರುತ್ತದೆ, ಸದಸ್ಯನ ಕೈಗೆ ಬರುವುದು ಮಾಸಿಕ ವೆಚ್ಚದ ಒಂದು ಸಾಲು ಮಾತ್ರ. ತನ್ನ ಸಣ್ಣ ಮನೆಗೆ ದೊರೆತ ವಿನಾಯಿತಿ ತನ್ನ ಲೆಕ್ಕದಲ್ಲಿ ಇಳಿದಿದೆಯೇ ಇಲ್ಲವೇ ಎಂದು ಕೇಳಬೇಕಾದವನು ಆ ಸದಸ್ಯನೇ. ಆದರೆ ಅಂತಹ ವಿನಾಯಿತಿ ಇದೆಯೆಂದು ಅರಿತವನು ತಾನೇ ಕೇಳಬಲ್ಲ?

ಜನನ ನೋಂದಣಿಯ ಮಾತೂ ಹೀಗೆಯೇ. ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿಗೆ ತಿಳಿಸಬೇಕೆಂಬುದು ನಿಯಮ. ತಿದ್ದುಪಡಿಯಾದ ಕಾಯಿದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ವಾಹನ ಚಾಲನಾ ಪರವಾನಗಿ ಮುಂತಾದ ಎಡೆಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹೆರಿಗೆಗೆ ತವರೂರಿಗೆ ಹೋಗಿ ಬರುವ ಮನೆತನಗಳಲ್ಲಿ ನೋಂದಣಿ ಎಲ್ಲಾಗಬೇಕೆಂಬ ಗೊಂದಲ ಸಹಜ. ಹುಟ್ಟಿದ ಊರಿನಲ್ಲಿಯೇ ಆಗಬೇಕೆಂಬ ಒಂದು ಸಾಲಿನ ಉತ್ತರ ಸಕಾಲದಲ್ಲಿ ಸಿಕ್ಕರೆ ಮುಂದಿನ ಅಲೆದಾಟ ಎಷ್ಟೋ ಉಳಿಯುತ್ತದೆ.

ಮುಂಬಯಿಯಲ್ಲಿ ಇಂತಹ ಉತ್ತರ ಕೊಡಬೇಕಾದವನು ನಗರಸೇವಕ. ಆದರೆ ಪಾಲಿಕೆಯ ಚುನಾಯಿತ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಮುಂದಿನ ಮತದಾನ ನಡೆದದ್ದು 2026ರ ಜನವರಿ 15ರಂದು. ಸುಮಾರು ನಾಲ್ಕು ವರ್ಷ 227 ಸ್ಥಾನಗಳಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 2025-26ರ 74,427 ಕೋಟಿ ರೂಪಾಯಿಗಳ ಆಯವ್ಯಯವನ್ನು ಅಂಗೀಕರಿಸಿದವರು ಆಡಳಿತಾಧಿಕಾರಿಯೇ. ಬೆಂಗಳೂರಿನ ಕಥೆ ಇದಕ್ಕಿಂತ ಮೇಲಲ್ಲ. ಅಲ್ಲಿ ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ತೀರಿತು. ಐದು ವರ್ಷ ಚುನಾವಣೆಯಿಲ್ಲದೆ ಕಳೆದು, 2025ರಲ್ಲಿ ನಗರವನ್ನೇ ಐದು ಪಾಲಿಕೆಗಳಾಗಿ ಒಡೆಯಲಾಯಿತು. ಸಂವಿಧಾನದ 74ನೆಯ ತಿದ್ದುಪಡಿ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಹೇಳಿ ಮೂವತ್ತು ವರ್ಷಗಳು ದಾಟಿವೆ. ಯಾವ ಪಕ್ಷದ ಸರಕಾರವಾದರೂ ನಗರಸಭೆಯನ್ನು ಬರಿದಾಗಿ ಇಡುವುದರಲ್ಲಿ ಭೇದ ತೋರಿಲ್ಲ. ಕೇಳುವವನಿಲ್ಲದ ಆಡಳಿತಕ್ಕೆ ತಿಳಿಸುವ ತೊಂದರೆಯೂ ಇರುವುದಿಲ್ಲ.

ಸರಕಾರದ ದೋಷ ಹೇಳಿದ ಬಾಯಿ ಸಮಾಜದ ದೋಷವನ್ನೂ ಹೇಳಬೇಕು. 2025ರ ಏಪ್ರಿಲ್ 16ರಂದು ಸಾಂತಾಕ್ರೂಜಿನ ನೆರೆಯ ವಿಲೇಪಾರ್ಲೆ ಪೂರ್ವದ ದಿಗಂಬರ ಜೈನ ಮಂದಿರವನ್ನು ಪಾಲಿಕೆ ಕೆಡವಿತು. ಮೂರು ದಿನಗಳ ಬಳಿಕ ಸಾವಿರಾರು ಶ್ರಾವಕ ಶ್ರಾವಿಕೆಯರು ಬೀದಿಗಿಳಿದರು, ವಾರ್ಡ್ ಅಧಿಕಾರಿಯ ವರ್ಗಾವಣೆಯೂ ಆಯಿತು. ಆ ಕಟ್ಟಡದ ನ್ಯಾಯಾನ್ಯಾಯ ನ್ಯಾಯಾಲಯದ ವಿಷಯ. ಆದರೆ ವಿವಾದ ಅದಕ್ಕೂ ಮೊದಲೇ ನ್ಯಾಯಾಲಯದ ಮೆಟ್ಟಿಲೇರಿತ್ತೆಂಬುದು ಸಮಾಜದ ಬಹುಪಾಲು ಜನರ ಅರಿವಿಗೆ ಬಂದದ್ದು ಗೋಡೆಗಳು ಬಿದ್ದ ಮೇಲೆ. ಒಂದು ಮೆರವಣಿಗೆಗೆ ಸಾವಿರಾರು ಮಂದಿಯನ್ನು ಸೇರಿಸಬಲ್ಲ ಸಮಾಜಕ್ಕೆ, ತನ್ನ ಬಸದಿಗಳ, ಧರ್ಮಶಾಲೆಗಳ, ಶಾಲೆಗಳ ಕಾಗದಪತ್ರಗಳ ಸ್ಥಿತಿಯನ್ನು ವರ್ಷಕ್ಕೊಮ್ಮೆ ಸದಸ್ಯರ ಮುಂದಿಡುವುದು ಅಸಾಧ್ಯವೇ? ಹೊರನಾಡಿನ ಸಂಘಗಳ ಪತ್ರಿಕೆಗಳನ್ನು ತೆರೆದರೆ ಶಾಲು, ಹಾರ, ಫಲಪುಷ್ಪಗಳ ಚಿತ್ರಗಳಿಗೆ ಪುಟಗಳು ಸಲ್ಲುತ್ತವೆ. ನೀರಿನ ಕಡಿತ, ಲಸಿಕೆಯ ದಿನ, ವಿದ್ಯಾರ್ಥಿವೇತನದ ಕೊನೆಯ ದಿನಾಂಕಗಳಿಗೆ ಒಂದು ಅಂಕಣವೂ ಸಿಗುವುದಿಲ್ಲ.

ಭಾಷೆಯ ನೆವವನ್ನು ಕೆಲವರು ಮುಂದೊಡ್ಡುತ್ತಾರೆ. ಪಾಲಿಕೆಯ ಪ್ರಕಟಣೆಗಳು ಮರಾಠಿಯಲ್ಲಿರುತ್ತವೆ, ಊರಿಂದ ಮಕ್ಕಳ ಮನೆಗೆ ಬಂದ ಹಿರಿಯರಿಗೆ ಅವು ತಿಳಿಯುವುದಿಲ್ಲ ಎಂಬುದು ನಿಜ. ಮಹಾರಾಷ್ಟ್ರದಲ್ಲಿ ಸ್ಥಳೀಯ ಸಂಸ್ಥೆಗಳ ವ್ಯವಹಾರ ಮರಾಠಿಯಲ್ಲಿ ನಡೆಯುವುದು ನ್ಯಾಯವೇ. ಅದೇ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆಯೆಂಬುದನ್ನು ಮರೆಯಬಾರದು. ಮರಾಠಿಯಲ್ಲಿ ಬಂದ ಒಂದು ಪುಟವನ್ನು ಕನ್ನಡಕ್ಕೆ ತರಲು ಬಲ್ಲ ತರುಣರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ. ಅವರಿಗೆ ಆ ಕೆಲಸವನ್ನು ಯಾರೂ ವಹಿಸಿಲ್ಲ.

ನಿವಾಸಿಗಳು ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ಇದೇ ನಗರದಲ್ಲಿ ನಿದರ್ಶನಗಳಿವೆ. ಘಾಟ್ಕೋಪರದ ಜೋಶಿ ಲೇನ್‌ನ ನಿವಾಸಿಗಳು ತೊಂಬತ್ತರ ದಶಕದಲ್ಲಿ ತಮ್ಮ ಗಲ್ಲಿಯ ಕಸವನ್ನು ತಾವೇ ವಿಂಗಡಿಸಲು ಹೊರಟದ್ದು ಪಾಲಿಕೆಯ ಎಎಲ್‌ಎಂ ಯೋಜನೆಗೆ ಮಾದರಿಯಾಯಿತು. ಒಂದು ಗಲ್ಲಿಯ ನಿವಾಸಿಗಳು ಸಮಿತಿ ಕಟ್ಟಿಕೊಂಡು ವಾರ್ಡ್ ಕಚೇರಿಯೊಡನೆ ನೇರವಾಗಿ ವ್ಯವಹರಿಸುವ ವ್ಯವಸ್ಥೆ ಅದು. 2007ರ ಪಾಲಿಕೆ ಚುನಾವಣೆಯಲ್ಲಿ ಸಾಂತಾಕ್ರೂಜಿಗೆ ತಾಗಿರುವ ಜುಹುವಿನ ನಾಗರಿಕರು ಪಕ್ಷಗಳ ಹೊರಗಿನಿಂದ ಅಡಾಲ್ಫ್ ಡಿಸೋಜಾ ಅವರನ್ನು ತಮ್ಮ ಅಭ್ಯರ್ಥಿಯಾಗಿ ನಿಲ್ಲಿಸಿ ಗೆಲ್ಲಿಸಿದರು. ಇಂತಹ ಪ್ರಯತ್ನಗಳೆಲ್ಲ ಉಳಿದು ಬೆಳೆದವೆಂದಲ್ಲ. ಆದರೆ ಹಿಡಿಯಷ್ಟು ಜನರು ತಿಳಿದುಕೊಂಡು ಕೇಳಿದಾಗ ಕಚೇರಿಯ ಕಿವಿ ತೆರೆದುಕೊಳ್ಳುತ್ತದೆ ಎಂಬುದನ್ನು ಅವು ತೋರಿಸಿಕೊಟ್ಟವು.

ಹೊರನಾಡಿನ ಜೈನ ಕನ್ನಡ ಕುಟುಂಬಗಳು ಮುಂಬಯಿಯಲ್ಲಿರಲಿ, ಪುಣೆ, ಸೂರತ್, ಹೈದರಾಬಾದುಗಳಲ್ಲಿರಲಿ, ಕೈಗೊಳ್ಳಬಹುದಾದ ಕೆಲಸ ದೊಡ್ಡದಲ್ಲ. ಪ್ರತಿ ಸಂಘವೂ ಇಬ್ಬರನ್ನು ನೇಮಿಸಲಿ. ಅವರು ಹದಿನೈದು ದಿನಗಳಿಗೊಮ್ಮೆ ವಾರ್ಡ್ ಕಚೇರಿಯ ಫಲಕವನ್ನೂ ಪಾಲಿಕೆಯ ಜಾಲತಾಣವನ್ನೂ ನೋಡಿ, ಕನ್ನಡದಲ್ಲಿ ಒಂದೇ ಪುಟದ ತಿಳಿವಳಿಕೆಯನ್ನು ಸಿದ್ಧಪಡಿಸಲಿ. ಪ್ರತಿಯೊಂದು ಸುದ್ದಿಯ ಕೆಳಗೆ ಅದು ಯಾವ ಪ್ರಕಟಣೆಯಿಂದ, ಯಾವ ದಿನಾಂಕದ್ದು ಎಂದು ಬರೆದಿರಲಿ. ಮೂಲವಿಲ್ಲದ ಸುದ್ದಿಗೆ ಆ ಪುಟದಲ್ಲಿ ಎಡೆ ಬೇಡ. ತಪ್ಪಾದರೆ ಮುಂದಿನ ಪುಟದ ತಲೆಯಲ್ಲಿಯೇ ತಿದ್ದುಪಡಿ ಬರಲಿ. ಯಾವ ಪಕ್ಷದ ನಾಯಕರ ಭಾವಚಿತ್ರವೂ ಅದರಲ್ಲಿ ಇರದಿರಲಿ, ಏಕೆಂದರೆ ಮುಖ ಬಂದೊಡನೆ ತಿಳಿವಳಿಕೆ ಪ್ರಚಾರವಾಗುತ್ತದೆ. ಫೋನಿಗೆ ಕಳುಹಿಸಿದರೆ ಸಾಲದು, ಕಣ್ಣು ಮಂಜಾದ ಹಿರಿಯರಿಗಾಗಿ ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ಸೊಸೈಟಿಯ, ಚಾಳಿನ, ಬಸದಿಯ ಗೋಡೆಗೆ ಹಚ್ಚಬೇಕು. ಪಾಲಿಕೆಯ 1916 ಎಂಬ ಸಹಾಯವಾಣಿ ಸಂಖ್ಯೆ ಮುಂಬಯಿಯ ಪುಟದಲ್ಲಿ ಸದಾ ಇರಬೇಕು.

ಚಾತುರ್ಮಾಸ್ಯದ ನಾಲ್ಕು ತಿಂಗಳು ಮಳೆಗಾಲದ ತಿಂಗಳುಗಳೂ ಹೌದು. ಮುನಿಗಳು ಒಂದೆಡೆ ನೆಲೆಸಿರುವ, ಶ್ರಾವಕರು ನಿತ್ಯ ಪ್ರವಚನಕ್ಕೆ ಸೇರುವ ಕಾಲ ಅದು. ಸಮುದ್ರದ ಭರತ ಏರುವ ದಿನಗಳು, ಡೆಂಗೀ, ಇಲಿಜ್ವರಗಳ ಎಚ್ಚರಿಕೆಗಳು ಹೊರಬೀಳುವುದೂ ಆಗಲೇ. ಪ್ರವಚನ ಮುಗಿದ ಮೇಲೆ ಐದು ನಿಮಿಷ ಆ ಪುಟವನ್ನು ಓದಿ ಹೇಳುವುದರಿಂದ ಧರ್ಮಕ್ಕೆ ಚ್ಯುತಿ ಬಾರದು. ಎದ್ದು ಹೋಗುವವರು ಹೋಗಲಿ. ಕುಳಿತು ಕೇಳುವವರಲ್ಲಿ ಒಬ್ಬರಿಗಾದರೂ ಅಂದು ಅದು ಬೇಕಾಗಿರುತ್ತದೆ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಸಮಾಜದಲ್ಲಿ ಕಡಮೆಯಿಲ್ಲ. ತಿಂಗಳಿಗೆ ಎರಡು ಗಂಟೆ ಬಸದಿಯ ಜಗಲಿಯಲ್ಲಿ ಕುಳಿತು ಅರ್ಜಿ ತುಂಬಿಕೊಡುವುದು ಅವರ ಪಾಲಿನ ಸೇವೆಯಾಗಲಿ. ಆ ಜಗಲಿಗೆ ಬರುವವರ ಜಾತಿ, ಮತ, ಭಾಷೆಗಳನ್ನು ಯಾರೂ ಕೇಳದಿರಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಶ್ರಾವಕರಿಗೆ ನಾಲ್ಕು ದಾನಗಳನ್ನು ಹೇಳಿದೆ. ಅನ್ನದಾನಕ್ಕೆ ಮುಂದಾಗುವ ಕೈಗಳು ಇಂದಿಗೂ ಬಹಳ. ಶಾಸ್ತ್ರದಾನವೆಂದರೆ ಗ್ರಂಥ ಮುದ್ರಣಕ್ಕೆ ಹಣ ಕೊಡುವುದೆಂದಷ್ಟೇ ರೂಢಿಯಾಗಿದೆ. ಸಾವಿರ ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಕಾವ್ಯ ಆಗಲೇ ಇತ್ತು, ಅದು ಜನರ ಕೈ ಸೇರಬೇಕೆಂಬುದು ಅವಳ ಚಿಂತೆಯಾಗಿತ್ತು. ಸಾಂತಾಕ್ರೂಜಿನ ವಾರ್ಡ್ ಕಚೇರಿಯ ಫಲಕದಲ್ಲಿರುವ ಒಂದು ಪುಟವನ್ನು ಸಾವಿರ ಮನೆಗಳಿಗೆ ತಲುಪಿಸಲು ಇಂದು ಓಲೆಗರಿಯೂ ಬೇಡ, ಲಿಪಿಕಾರರೂ ಬೇಡ. ಬರುವ ಚಾತುರ್ಮಾಸ್ಯಕ್ಕೆ ಮೊದಲು ಇಬ್ಬರ ಹೆಸರನ್ನು ಗೊತ್ತುಪಡಿಸಿದರೆ ಸಾಕು.