ಹೋಟೆಲ್ ಮುಚ್ಚಿಸಿದ್ದು ರೌಡಿಗಳಾ?

ನಮ್ಮ ಕಡೆ, ಅಂದ್ರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ, ಯಾವ ಅಂಗಡಿ ಬಾಗಿಲು ಹಾಕಿದರೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ಒಂದೇ ತೀರ್ಪು. "ಏರಿಯಾ ಕೆಟ್ಟೋಯ್ತು ಸಾರ್, ಪುಂಡರ ಕಾಟ, ಯಾರು ವ್ಯಾಪಾರ ಮಾಡ್ತಾರೆ?" ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ "ಎಲ್ಲಿಂದಲೋ ಬಂದ ಹುಡುಗರು" ಅಂತಲೇ ಮಾತು ಶುರು. ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಪುಂಡಾಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಿಗರೇಟಿನ ದುಡ್ಡು ಕೇಳಿದರೆ ಕೈ ಎತ್ತುವವರಿದ್ದಾರೆ. 2022ರ ಡಿಸೆಂಬರಿನಲ್ಲಿ ಕುಂದಲಹಳ್ಳಿ ಗೇಟ್ ಹತ್ತಿರ ಬೇಕರಿ ಹುಡುಗರಿಗೆ ಹೊಡೆದದ್ದನ್ನು ಸಿಸಿಟಿವಿ ದೃಶ್ಯದಲ್ಲಿ ಊರೆಲ್ಲ ನೋಡಿತು. ಹೊಡೆತ ತಿಂದವರು ಹಾಸನದ ಕಡೆಯಿಂದ ಬಂದು ದುಡಿಯುತ್ತಿದ್ದವರು. "ಎಲ್ಲಿಂದಲೋ ಬಂದ ಹುಡುಗರು" ಅಂದರೆ ಅವರೇ ತಾನೆ?

ಆದರೆ ಸ್ವಾಮಿ, ಹೊಡೆತ ಬೇರೆ, ಬೀಗ ಬೇರೆ.

2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯ ಬ್ರೂಕ್‌ಫೀಲ್ಡ್ ಶಾಖೆಯಲ್ಲಿ ಬಾಂಬ್ ಸಿಡಿಯಿತು. ಒಂದು ಹೋಟೆಲಿಗೆ ಇದಕ್ಕಿಂತ ದೊಡ್ಡ ಕ್ರೈಮ್ ಬಡಿಯಲು ಸಾಧ್ಯವೇ? ಒಂದು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ದೋಸೆ ಹುಯ್ಯುತ್ತಿದ್ದರು, ಮತ್ತೆ ಕ್ಯೂ ಇತ್ತು. ಅದಕ್ಕೆ ಮೂರು ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಮುಚ್ಚಿತು. 1954ರಿಂದ ನಡೆದುಕೊಂಡು ಬಂದ ಹೋಟೆಲ್. ಅಲ್ಲಿ ಯಾರೂ ಬಾಂಬ್ ಇಟ್ಟಿರಲಿಲ್ಲ, ಯಾರೂ ಲಾಂಗ್ ಬೀಸಿರಲಿಲ್ಲ. 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಎದ್ದು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಗಿ ಬಂದದ್ದೂ ಕಳ್ಳರಿಂದಲ್ಲ, ಕಟ್ಟಡದ ತಗಾದೆಯಿಂದ. ಬಾಂಬು ಮುಚ್ಚಿಸಲಾಗದ್ದನ್ನು ಜಾಗದ ಲೆಕ್ಕ ಮುಚ್ಚಿಸುತ್ತದೆ!

ನಮ್ಮ ಮಾಗಡಿ ರಸ್ತೆಯದೇ ಉದಾಹರಣೆ ಬೇಕಾ? 2024ರ ಜುಲೈನಲ್ಲಿ ಅಲ್ಲಿನ ಜಿ.ಟಿ. ಮಾಲ್ ಬಾಗಿಲು ಹಾಕಿತ್ತು. ಕಾರಣ ಕಳ್ಳತನ ಅಲ್ಲ. ಪಂಚೆ ಉಟ್ಟು ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಂತ ಸರಕಾರವೇ ಏಳು ದಿನ ಮುಚ್ಚಿಸಿದ್ದು :)

ಹಾಗಾದರೆ ಸಣ್ಣ ಹೋಟೆಲುಗಳನ್ನು ಮುಚ್ಚಿಸುತ್ತಿರುವುದು ಏನು? ನಮ್ಮ ಮನೆ ಹತ್ತಿರ ಒಂದು ದರ್ಶಿನಿ ಇತ್ತು. ಅದೂ ಮುಚ್ಚಿದಾಗ ಎಂದಿನಂತೆ ಪುಂಡರ ಕಥೆ ಹಬ್ಬಿತು. ನಡೆಸುತ್ತಿದ್ದ ಭಟ್ಟರನ್ನೇ ಕೇಳಿದೆ. ನಕ್ಕುಬಿಟ್ಟರು. "ರೌಡಿ ಬಂದ್ರೆ ಎರಡು ಕಾಫಿ ಕುಡಿದು ಹೋಗ್ತಾನೆ ಮಾರಾಯ್ರೆ. ಬಿಲ್ಡಿಂಗ್ ಓನರ್ ಬಂದ್ರೆ ಹೋಟ್ಲೇ ಕುಡಿದು ಹೋಗ್ತಾನೆ" ಅಂದರು. ಕರಾರು ಮುಗಿದಿತ್ತು. ಹೊಸ ಬಾಡಿಗೆ, ಹೊಸ ಅಡ್ವಾನ್ಸು ಎರಡೂ ಅವರ ಕೈಗೆ ಎಟುಕಲಿಲ್ಲ. ಅಷ್ಟೇ ಕಥೆ.

ಇದರ ಮೇಲೆ ಉಳಿದದ್ದನ್ನು ಕೂಡಿಸಿ. ನಂದಿನಿ ಹಾಲು 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲಿನಲ್ಲಿ 4 ರೂಪಾಯಿ ಏರಿತು. ಕಾಫಿಗೆ ಎರಡು ರೂಪಾಯಿ ಜಾಸ್ತಿ ಮಾಡಿದರೆ ನಾವೇ ಮುಖ ಸಿಂಡರಿಸುತ್ತೇವೆ. ಇನ್ನು ರಸ್ತೆ. ಕಾರ್ಡ್ ರೋಡಿನಲ್ಲಿ ಮೆಟ್ರೋ ಕಂಬ ಏಳುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಮೈಸೂರು ರಸ್ತೆಯದೂ ಅದೇ ಪಾಡು, ಕೆಂಗೇರಿಗೆ ರೈಲು ಓಡಿದ್ದು 2021ರ ಆಗಸ್ಟಿನಲ್ಲಿ. ಬ್ಯಾರಿಕೇಡ್ ಹಿಂದೆ ಸಿಕ್ಕಿಕೊಂಡ ಅಂಗಡಿಗೆ ಗಿರಾಕಿ ಹಾರಿ ಬರುತ್ತಾನಾ? ಮೆಟ್ರೋ ಬೇಡ ಅನ್ನುತ್ತಿಲ್ಲ, ನಾನೂ ಅದರಲ್ಲೇ ಓಡಾಡುವವನು. ಅಗೆತದ ವರ್ಷಗಳ ನಷ್ಟ ಯಾರ ಲೆಕ್ಕಕ್ಕೂ ಸೇರಲಿಲ್ಲ ಅನ್ನುತ್ತಿದ್ದೇನೆ.

2025ರ ಜುಲೈ ಮರೆತಿಲ್ಲ ತಾನೆ? ಯುಪಿಐ ಲೆಕ್ಕ ಹಿಡಿದುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ನೋಟಿಸು ಕಳಿಸಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಅನ್ನುವ ಜಿಎಸ್‌ಟಿ ಮಿತಿ ಎಷ್ಟೋ ಜನಕ್ಕೆ ಗೊತ್ತಾದದ್ದೇ ಆಗ. ಕ್ಯೂಆರ್ ಕೋಡಿನ ಜಾಗದಲ್ಲಿ "ಕ್ಯಾಶ್ ಮಾತ್ರ" ಅನ್ನುವ ಚೀಟಿ ಅಂಟಿತು. ಆ ತಿಂಗಳು ಅಂಗಡಿಯವರ ನಿದ್ದೆ ಕೆಡಿಸಿದ್ದು ಕಳ್ಳ ಅಲ್ಲ, ನೋಟಿಸು.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಅಮೆರಿಕದ ವಾಲ್‌ಗ್ರೀನ್ಸ್ ಔಷಧಿ ಅಂಗಡಿಗಳವರು 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐದು ಮಳಿಗೆ ಮುಚ್ಚುವಾಗ ಸಂಘಟಿತ ಕಳ್ಳತನದ ಮೇಲೆ ತಪ್ಪು ಹೊರಿಸಿದ್ದರು. 2023ರ ಜನವರಿಯಲ್ಲಿ ಅವರ ಹಣಕಾಸು ಮುಖ್ಯಸ್ಥರೇ ನಾವು ಬಹುಶಃ ಅತಿಯಾಗಿ ಅತ್ತೆವು ಎಂಬರ್ಥದ ಮಾತಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ, ನಷ್ಟದ ಹತ್ತಿರ ಹತ್ತಿರ ಅರ್ಧ ಸಂಘಟಿತ ಕಳ್ಳತನದಿಂದ ಅನ್ನುವ ತನ್ನ ಮಾತನ್ನು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಕಥೆ ಊರೂರು ಸುತ್ತಿ ಆಗಿತ್ತು.

ಕ್ರೈಮ್ ಮೇಲೆ ಹಾಕಿದರೆ ಎಲ್ಲರಿಗೂ ಅನುಕೂಲ ನೋಡಿ. ಬಾಡಿಗೆ ಏರಿಸಿದವರನ್ನು ಯಾರೂ ಕೇಳುವುದಿಲ್ಲ. ರಸ್ತೆ ಅಗೆದವರನ್ನು ಕೇಳುವುದಿಲ್ಲ. ಆ್ಯಪ್‌ನಲ್ಲಿ ಇಡ್ಲಿ ತರಿಸಿಕೊಂಡು, ಕಮಿಷನ್ನು ಹೋಟೆಲಿನವರ ತಲೆಗೆ ಕಟ್ಟಿ, "ಛೆ, ಹಳೇ ಹೋಟೆಲ್ ಹೋಯ್ತಲ್ಲ" ಅಂತ ಫೋಟೋ ಹಾಕುವ ನಮ್ಮನ್ನಂತೂ ಯಾರೂ ಕೇಳುವುದಿಲ್ಲ.

ಹೋಗಲಿ ಅಂದರೆ, ಈ ಕಥೆಯ ದಂಡ ಕಟ್ಟುವವರೂ ಸಣ್ಣವರೇ. 2021ರ ಜನವರಿಯಲ್ಲಿ ಸರಕಾರ ಅಂಗಡಿಗಳನ್ನು 24 ಗಂಟೆ ತೆರೆಯಲು ಅನುಮತಿ ಕೊಟ್ಟಿತು. ಆದರೆ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದವರಿಗೆ ಮಾತ್ರ. ಐದು ಜನರ ಹೋಟೆಲಿಗೆ? ಹೊತ್ತು ಮೀರಿತು ಅಂತ ಹೊಯ್ಸಳ ಗಾಡಿ ಬರುತ್ತದೆ, ಮೈಕಿನಲ್ಲಿ ಗದರುತ್ತದೆ, ಶಟರ್ ಇಳಿಯುತ್ತದೆ. ಕೇಳಿದರೆ ಕ್ರೈಮ್ ತಡೆಯಲಿಕ್ಕೆ ಅನ್ನುತ್ತಾರೆ. ಕೊನೇ ಮೆಟ್ರೋ ಇಳಿದು ಒಬ್ಬಳೇ ನಡೆದು ಹೋಗುವ ಹೆಣ್ಣುಮಗಳಿಗೆ ಯಾವುದು ಧೈರ್ಯ? ದೀಪ ಉರಿಯುವ, ನಾಲ್ಕು ಜನ ಟೀ ಕುಡಿಯುವ ಹೋಟೆಲೋ, ಸಾಲಾಗಿ ಎಳೆದ ಕತ್ತಲ ಶಟರುಗಳೋ? ಕ್ರೈಮ್ ಅಂಗಡಿ ಮುಚ್ಚಿಸುತ್ತದೋ ಇಲ್ಲವೋ, ಮುಚ್ಚಿದ ಅಂಗಡಿಗಳ ಬೀದಿ ಪುಂಡರಿಗೇ ಹಬ್ಬ.

ಮುಂದಿನ ಸಲ ನಿಮ್ಮ ಬೀದಿಯಲ್ಲಿ ಹೋಟೆಲ್ ಒಂದು ಮುಚ್ಚಿದಾಗ ಪುಂಡರ ಕಥೆ ಹಂಚುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬಾಡಿಗೆ ಎಷ್ಟು ಏರಿತ್ತು? ರಸ್ತೆ ಎಷ್ಟು ದಿನ ಅಗೆದಿತ್ತು? ನೋಟಿಸು ಬಂದಿತ್ತಾ? ಕೊನೆಯದು, ನೀವು ಅಲ್ಲಿ ಕೊನೇ ಸಲ ಕಾಫಿ ಕುಡಿದದ್ದು ಯಾವಾಗ?

ನಿಮ್ಮ ಏರಿಯಾದ ಅನುಭವ ಬೇರೆ ಇದ್ದರೆ ಬರೆಯಿರಿ, ಜಗಳ ಆಡೋಣ. ಆದರೆ "ಎಲ್ಲಿಂದಲೋ ಬಂದವರು" ಅಂತ ಶುರು ಮಾಡಬೇಡಿ. ಉಡುಪಿಯಿಂದ ಬಂದವರು ಒಲೆ ಹಚ್ಚದಿದ್ದರೆ ಈ ಊರಿಗೆ ಮಸಾಲೆ ದೋಸೆ ಎಲ್ಲಿಂದ ಬರುತ್ತಿತ್ತು?